ಚರಗ ಚೆಲ್ಲಿದ ಗಡಿ

...ಅಥವಾ ಅಳತೆಯ ಯಂತ್ರ ನನ್ನ ಕೈಯಲ್ಲಿ ಇರಲೇ ಇಲ್ಲವೇನೋ. ಹುಸೇನಸಾಬರು ಅದನ್ನು ಹೆಗಲ ಮೇಲೆ ಹೊತ್ತಿದ್ದರು, ನಾನು ಬರೀ ಪುಸ್ತಕ ಹಿಡಿದು ಹಿಂದೆ ನಡೆದೆ ಎಂದು ಕೆಲವು ದಿನ ಅನಿಸುತ್ತದೆ. ಇನ್ನು ಕೆಲವು ದಿನ ಅಂಗೈ ನೋಡಿಕೊಂಡರೆ ಆ ಅಲ್ಯುಮಿನಿಯಂ ಕೋಲಿನ ತಂಪು ಈಗಲೂ ಅಲ್ಲೇ ಇದೆ. ಎರಡೂ ನಿಜವಾಗಿರಲಾರವು. ನಾನು ಭೂಮಾಪಕಿ, ಒಂದೇ ಬಿಂದುವನ್ನು ಎರಡು ಸಲ ಅಳೆದರೆ ಎರಡು ಉತ್ತರ ಬರುತ್ತವೆ ಎಂಬುದು ಕೆಲಸಕ್ಕೆ ಸೇರಿದ ಮೊದಲ ವಾರವೇ ಗೊತ್ತಾಗಿತ್ತು. ಕಚೇರಿಯಲ್ಲಿ ಎರಡರ ಸರಾಸರಿ ತೆಗೆದು ಬರೆಯುತ್ತೇವೆ. ನೆನಪಿಗೆ ಸರಾಸರಿ ತೆಗೆಯಲು ನಾನು ಒಪ್ಪುವುದಿಲ್ಲ.

ಈ ಸಲದ ಎಳ್ಳಮಾವಾಸ್ಯೆಯ ಮರುದಿನ ಆಳಂದದ ಕಚೇರಿಯಲ್ಲಿ ಪಕ್ಕದ ಮೇಜಿನವಳು ಊಟದ ಡಬ್ಬಿ ತೆರೆದಳು. ನಿನ್ನೆಯ ಭಜ್ಜಿ. ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯದ ಸೊಪ್ಪು ಎಲ್ಲ ಹುಣಸೆ ಹುಳಿಯಲ್ಲಿ ಕುದ್ದು, ಒಂದು ದಿನ ಕಳೆದು ಇನ್ನೂ ಗಟ್ಟಿಯಾಗಿತ್ತು. ಸಜ್ಜೆ ರೊಟ್ಟಿಯ ಮೇಲೆ ಹಾಕಿ ನನ್ನ ಕಡೆ ಸರಿಸಿದಳು. ನಾನು ತಿನ್ನದೆ ಸುಮ್ಮನೆ ಮೂಸಿದೆ. ಆ ವಾಸನೆಯಲ್ಲಿ ಜೇವರ್ಗಿ ತಾಲೂಕಿನ ಒಂದು ತೊಗರಿ ಹೊಲ ಪೂರ್ತಿ ನಿಂತಿತ್ತು.

ಅವತ್ತಿನಿಂದ ಇದನ್ನು ನಾಲ್ಕು ಸಲ ಬರೆದೆ. ಮೊದಲ ಸಲ ಹೊಲದ ಮೇಲೆ ಮಂಜು ಇಳಿದಿತ್ತು. ಎರಡನೇ ಸಲ ನಾನು ಬಹಳ ಧೈರ್ಯದವಳಾಗಿದ್ದೆ. ಮೂರನೇ ಸಲ ಎಲ್ಲರೂ ನಾಟಕದವರ ಹಾಗೆ ಮಾತಾಡಿದರು. ಮೂರನ್ನೂ ಹರಿದೆ. ಇದರಲ್ಲಿ ಮಂಜು ಇಲ್ಲ, ಇತ್ತೆಂದು ನಾನು ಪ್ರಮಾಣ ಮಾಡಲಾರೆ. ಧೈರ್ಯ ಎಷ್ಟಿತ್ತೋ ಅಷ್ಟನ್ನೇ ಬರೆಯಲು ನೋಡುತ್ತೇನೆ.

ಊರ ಹೆಸರು ಹೇಳುವುದಿಲ್ಲ. ಭೀಮಾ ಹೊಳೆಯ ದಂಡೆಯ ದೊಡ್ಡ ಊರು. ಜೇವರ್ಗಿಯಿಂದ ನೆಲೋಗಿ ಕಡೆಯ ಬಸ್ಸು ಹಿಡಿದು, ನಡುವೆ ಇಳಿದು, ಟಂಟಂ ಆಟೋ ಹತ್ತಿ ಹೋಗಬೇಕು. ಕಪ್ಪು ನೆಲದ ನಡುವೆ ಊರ ಹೆಬ್ಬಾಗಿಲಾದ ಒಂದು ಅಗಸಿ, ಅಗಸಿಯ ಒಳಗೆ ಹುಡೇವು ಎಂಬ ಅರ್ಧ ಕುಸಿದ ಕಾವಲು ಬುರುಜು, ಹುಡೇವಿನ ನೆರಳಲ್ಲಿ ಒಂದು ಕಲ್ಲಿನ ಕಟ್ಟಡ. ನಿಜಾಮರ ಕಾಲದಲ್ಲಿ ಅದು ಸುಂಕದ ನಾಕಾ. ಆಚೆ ಸೀಮೆ ಇಂಗ್ಲಿಷರದು, ಈಚೆ ಸೀಮೆ ನಿಜಾಮರದು. ಬಟ್ಟೆ, ಉಪ್ಪು, ಬೆಲ್ಲ ಏನು ಬಂದರೂ ಅಲ್ಲಿ ನಿಲ್ಲಬೇಕಾಗಿತ್ತಂತೆ. ನಾನು ಹೋದಾಗ ಅದೇ ಕಟ್ಟಡದಲ್ಲಿ ಗ್ರಾಮ ಪಂಚಾಯಿತಿ ಇತ್ತು. ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವುದು ಆ ಗೋಡೆಗಳಿಗೆ ಹೊಸ ಕೆಲಸವೇನೂ ಆಗಿರಲಿಲ್ಲ.

ಆ ವರ್ಷ ಊರು ಪಟ್ಟಣ ಪಂಚಾಯಿತಿ ಆಗುವುದಿತ್ತು. ಮಂದಿ ಸಾಕಷ್ಟಿದ್ದಾರೆ ಎಂದು ವರದಿ ಹೋಗಿತ್ತು. ಇನ್ನು ಗಡಿ ಬರೆಯಬೇಕು. ಹಳೆಯ ಊರಿನ ಜಾಗ, ಅಂದರೆ ಗಾಂವಠಾಣ, ಅದಕ್ಕೆ ಹತ್ತಿದ ಕೆಲವು ಸರ್ವೆ ನಂಬರುಗಳು, ಇಷ್ಟನ್ನು ಒಂದು ಗೆರೆಯೊಳಗೆ ತರಲು ನನ್ನನ್ನು ಕಳಿಸಿದರು. ಮಳೆಗಾಲ ಮುಗಿದು ಜೋಳ ಬಿತ್ತಿದ ಮೇಲೆ ಹೋದೆ. ಒಂದೇ ವಾರದಲ್ಲಿ ಗೆರೆ ಬರೆದು ಕೊಟ್ಟೆ. ಹಳೆಯ ನಕಾಶೆ ನೋಡಿ ಬರೆದೆ, ಊರು ನೋಡಿ ಅಲ್ಲ. ಈ ವಾಕ್ಯವನ್ನು ಹಿಂದಿನ ಮೂರು ಸಲವೂ ಬಿಟ್ಟಿದ್ದೆ.

ತಪ್ಪು ತೋರಿಸಿದವರು ಹುಸೇನಸಾಬರು, ಪಂಚಾಯಿತಿಯ ನೀರು ಬಿಡುವವರು. ಐವತ್ತು ದಾಟಿದ ಮನುಷ್ಯ. ಯಾವ ವಾಲ್ವು ಎಷ್ಟು ಸುತ್ತು ತಿರುಗಿದರೆ ಯಾವ ಓಣಿಯ ಕೊಡ ತುಂಬುತ್ತದೆ ಎಂಬ ನಕಾಶೆ ಅವರ ಮಣಿಕಟ್ಟಿನಲ್ಲಿತ್ತು. ನಾನು ಗಡಿಯ ಕಲ್ಲುಗಳಿಗೆ ಸುಣ್ಣ ಹಚ್ಚಿಸುತ್ತಿದ್ದೆ. ಅವರು ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿದರು.

"ಮೇಡಂರಿ, ಇದು ಕಡೀ ಕಲ್ಲೇನ್ರಿ?"

ಹೌದೆಂದೆ.

"ಅಂದ್ರ ನಮ್ಮ ಮನಿ ಎಲ್ಲಿ ಹೋತ್ರಿ? ನಾ ದಿನಾ ಊರಿಗಿ ನೀರ ಬಿಡತೇನಿ. ಊರ ನನ್ನ ಬಿಟ್ಟುಬಿಟ್ಟದೇನ್ರಿ?"

ಅವರು ನಗುತ್ತಲೇ ಕೇಳಿದರು. ನಾನೂ ನಕ್ಕೆ. ಆಮೇಲೆ ಅವರು ಕೈ ತೋರಿಸಿದ ಕಡೆ ನೋಡಿದೆ. ತೊಗರಿ ಹೊಲದ ಆಚೆ, ಎತ್ತರದ ಕಲ್ಲು ಮಡ್ಡಿಯ ಮೇಲೆ, ಶಹಾಬಾದ್ ಕಲ್ಲಿನ ಮಾಡುಗಳು ಸಾಲಾಗಿ ಬಿಸಿಲಿಗೆ ಹೊಳೆಯುತ್ತಿದ್ದವು.

ಅದು ಮಡ್ಡಿ ಪ್ಲಾಟು. ಹಿಂದೆ ಹೊಳೆ ಊರೊಳಗೆ ಬಂದ ವರ್ಷ ದಂಡೆಯ ಒಂದು ಇಡೀ ಓಣಿ ಮುಳುಗಿತು. ಅಂಬಿಗರು, ಮುಸಲ್ಮಾನರು, ಲಿಂಗಾಯತರು, ಕೂಲಿಯವರು, ಎಲ್ಲ ಕಲಸಿದ ಓಣಿ. ನೀರು ಇಳಿದ ಮೇಲೆ ಸರಕಾರ ಮಡ್ಡಿಯ ಮೇಲೆ ಜಾಗ ಕೊಟ್ಟಿತು. ಮಡ್ಡಿ ಪಕ್ಕದ ಊರಿನ ಸರ್ವೆ ನಂಬರಿಗೆ ಸೇರಿದ್ದು. ಅವತ್ತು ಅದನ್ನು ಯಾರೂ ಕೇಳಲಿಲ್ಲ. ಒಣಗಿದ ನೆಲ ಸಿಕ್ಕರೆ ಸಾಕಾಗಿತ್ತು. ಓಣಿಯವರು ಮೇಲೆ ಹೋಗುವಾಗ ಇಟ್ಟಿಗೆ ಬಿಟ್ಟರು, ಒಲೆ ಬಿಟ್ಟರು, ಹೊಸ್ತಿಲು ಬಿಡಲಿಲ್ಲ. ಹೊಸ್ತಿಲು ಕೆಳಗೆ ಬಿಟ್ಟರೆ ಮನೆ ಅಲ್ಲೇ ಉಳಿಯುತ್ತದೆ, ಮೇಲೆ ಕಟ್ಟುವುದು ಬರೀ ಗೋಡೆ ಎಂಬುದು ಅವರ ನಂಬಿಕೆ. ಬಾಗಿಲ ಚೌಕಟ್ಟನ್ನು ಹೊಸ್ತಿಲು ಸಮೇತ ಕಿತ್ತು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಹೋಗಿ ಮಡ್ಡಿಯ ಮೇಲೆ ನಿಲ್ಲಿಸಿ, ಸುತ್ತ ಗೋಡೆ ಎಬ್ಬಿಸಿದರು. ಪ್ರತಿ ಚೌಕಟ್ಟಿಗೂ ಪಂಚಾಯಿತಿಯ ಮನೆ ನಂಬರಿನ ತಗಡು ಮೊಳೆ ಹೊಡೆದು ಕೂಡಿಸಿತ್ತು. ತಗಡೂ ಮೇಲೆ ಹೋಯಿತು.

ಹೀಗೆ ಆ ಮನೆಗಳು ಮಡ್ಡಿಯ ಮೇಲೆ ಇದ್ದವು, ನಂಬರುಗಳು ಹೊಳೆ ದಂಡೆಯ ಮೇಲೆ ಇದ್ದವು. ರೇಷನ್ ಕಾರ್ಡು, ಓಟಿನ ಚೀಟಿ, ಮನೆಪಟ್ಟಿ ಎಲ್ಲದರಲ್ಲೂ ಹಳೆಯ ನಂಬರು. ಪಟ್ಟಣಕ್ಕೆ ಮಂದಿ ಸಾಕಷ್ಟಿದ್ದಾರೆ ಎಂದು ಎಣಿಸಿದಾಗ ಅವರನ್ನೂ ಗಾಂವಠಾಣದಲ್ಲೇ ಎಣಿಸಿದ್ದರು. ನನ್ನ ಗೆರೆ ಜಾಲಿ ಬೆಳೆದ ಖಾಲಿ ಓಣಿಯನ್ನು ಜೋಪಾನವಾಗಿ ಒಳಗೆ ತಂದಿತ್ತು. ಬದುಕಿದ್ದ ಓಣಿಯನ್ನು ಹೊರಗೆ ಬಿಟ್ಟಿತ್ತು. ಗೆರೆ ಹಾಗೇ ನಿಂತರೆ ಮಡ್ಡಿಯವರು ಹಳ್ಳದ ಆಚೆಯ ಪಕ್ಕದ ಊರಿನ ಪಂಚಾಯಿತಿಗೆ ಬೀಳುತ್ತಿದ್ದರು. ಅಲ್ಲಿಂದ ಮಡ್ಡಿಗೆ ನೀರಿನ ಪೈಪೂ ಇರಲಿಲ್ಲ, ರಸ್ತೆಯೂ ಇರಲಿಲ್ಲ.

ಮರುದಿನ ಕಸ್ತೂರಿಬಾಯಿ ನನ್ನನ್ನು ಹುಡುಕಿಕೊಂಡು ನಾಕಾಕ್ಕೆ ಬಂದರು. ಮಡ್ಡಿ ವಾರ್ಡಿನಿಂದ ಎರಡು ಸಲ ಆರಿಸಿ ಬಂದ ಸದಸ್ಯೆ. ಅರವತ್ತರ ಹತ್ತಿರ, ಹಣೆಯ ತುಂಬ ವಿಭೂತಿ, ಕಾಲಲ್ಲಿ ಗಂಡಸರ ಚಪ್ಪಲಿ. ಬೈಯುತ್ತಾರೆಂದು ಕಾದೆ. ಅವರು ಕುರ್ಚಿ ಎಳೆದುಕೊಂಡು ಕೂತು, ನನ್ನ ನೀರಿನ ಬಾಟಲಿಯಿಂದ ಕುಡಿದು, ತಪ್ಪು ತಮ್ಮದೆಂದರು. ಮಡ್ಡಿಗೆ ಹೋದ ಹೊಸದರಲ್ಲಿ ಹೊಸ ನಂಬರಿನ ತಗಡು ಹೊಡೆಯಲು ಪಂಚಾಯಿತಿಯ ಆಳು ಬಂದಿದ್ದನಂತೆ. ಹೊಸ ನಂಬರು ತಗೊಂಡರೆ ದಂಡೆಯ ಹಳೆಯ ಜಾಗ ಕೈಬಿಟ್ಟು ಹೋಗುತ್ತದೆ ಎಂದು ಇವರು ಓಣಿಯ ಹೆಂಗಸರನ್ನು ಕೂಡಿಸಿ ಅವನನ್ನು ತಗಡಿನ ಚೀಲದ ಸಮೇತ ಓಡಿಸಿದ್ದರು. ಆ ಮೇಲೆ ಯಾರೂ ಬರಲಿಲ್ಲ. ಓಣಿ ಅದನ್ನು ಗೆಲುವೆಂದು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿತ್ತು.

"ನಾನೇ ಓಡಿಸಿದ್ದು ತಂಗಿ," ಎಂದರು. "ಈಗ ಓಣಿ ನನ್ನ ಮಾರಿ ನೋಡಾಕತ್ತದ."

ಹೊಸ ಪಟ್ಟಣದಿಂದ ನಿಮಗೆ ಲಾಭವೂ ಇಲ್ಲವಲ್ಲ ಎಂದು ನಾನು ಕೇಳಿದೆ. ಪಟ್ಟಣವಾದರೆ ಉದ್ಯೋಗ ಖಾತ್ರಿಯ ಕೂಲಿ ನಿಲ್ಲುತ್ತದೆ, ಮನೆ ತೆರಿಗೆ ಏರುತ್ತದೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಕೂಲಿ ಹೋದ್ರ ಬ್ಯಾರೆ ಕೂಲಿ ನೋಡತೇವಿ. ಹೊಳಿ ನಮ್ಮನ್ನ ಹೊರಗ ಹಾಕಿತು, ಹೊಳಿಗಿ ಕಣ್ಣಿಲ್ಲ. ನೀ ಕಣ್ಣಿದ್ದು ಹಾಕ್ದಿ."

ಇದಕ್ಕೆ ನಾನೇನು ಹೇಳಿದೆನೋ ನೆನಪಿಲ್ಲ. ಒಂದು ಕರಡಿನಲ್ಲಿ ಚೆಂದದ ಉತ್ತರವೊಂದನ್ನು ಬರೆದಿದ್ದೆ. ಅದು ಆಮೇಲೆ ಹುಟ್ಟಿದ ಉತ್ತರ.

ಗ್ರಾಮಸಭೆ ನಾಕಾದ ಅಂಗಳದಲ್ಲಿ ನಡೆಯಿತು. ತಾಲೂಕಿನಿಂದ ಬಂದ ಅಧಿಕಾರಿ ಮಡ್ಡಿಯವರ ಅರ್ಜಿ ಓದಿ, ರಿಜಿಸ್ಟರ್ ತೆರೆದು, ಒಂದೊಂದೇ ಮನೆ ನಂಬರು ಬೆರಳಿಟ್ಟು ತೋರಿಸಿದರು. ಎಲ್ಲ ನಂಬರುಗಳೂ ಪಟ್ಟಣದ ಒಳಗೇ ಇವೆ, ಆದ್ದರಿಂದ ಅರ್ಜಿದಾರರು ಒಳಗೇ ಇದ್ದಾರೆ, ತಕರಾರಿಗೆ ಆಧಾರವಿಲ್ಲ. ಅವರು ಕೆಟ್ಟ ಮನುಷ್ಯ ಅಲ್ಲ. ಕಾಗದ ಸರಿಯಾಗಿದೆ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಅದೇ ಸಮಾಧಾನದಲ್ಲಿ ನಾನೂ ಆ ಗೆರೆ ಬರೆದಿದ್ದೆ.

ಕಸ್ತೂರಿಬಾಯಿ ಎದ್ದು ನಿಂತರು.

"ನಂಬರ್ ಒಳಗದ, ನಾವು ಹೊರಗದೀವಿ. ನಂಬರಿಗಿ ನೀರಡಿಕಿ ಆಗ್ತದೇನ್ರಿ ಸಾಹೇಬ್ರ?"

ಅಂಗಳ ನಕ್ಕಿತು. ಅಧಿಕಾರಿಯೂ ನಕ್ಕರು. ಆಕ್ಷೇಪಣೆಗೆ ಇನ್ನೂ ದಿನಗಳಿವೆ, ಸರಿಯಾದ ನಕಾಶೆ ಜೊತೆಗಿಟ್ಟು ಕೊಡಿ ಎಂದು ಹೇಳಿ ಜೀಪು ಹತ್ತಿದರು.

ಸರಿಯಾದ ನಕಾಶೆ ಬರೆಯಬೇಕಾದವಳು ನಾನು. ನಮ್ಮ ಸಾಹೇಬರಿಗೆ ಫೋನ್ ಮಾಡಿದೆ. ಪಟ್ಟಣದ ಗಡಿ ನಡುವೆ ಹೊಲ ಬಿಟ್ಟು ಹಾರಲು ಆಗುವುದಿಲ್ಲ, ಮಡ್ಡಿ ಒಳಗೆ ಬರಬೇಕಾದರೆ ನಡುವಿನ ಹೊಲವೂ ಬರಬೇಕು, ಅದನ್ನು ಅಳೆಯದೆ ಏನನ್ನೂ ಕಳಿಸಬೇಡ ಎಂದರು. ನಡುವಿನ ಹೊಲ ಗೌಡರದು. ಗೌಡರು ಹಿಂದೆ ಪಂಚಾಯಿತಿ ಅಧ್ಯಕ್ಷರಾಗಿದ್ದವರು, ಪಟ್ಟಣವಾಗಬೇಕೆಂದು ಮೊದಲು ಓಡಾಡಿದವರೂ ಅವರೇ. ತೆರಿಗೆಯ ಹೆದರಿಕೆಯೋ ಏನೋ, ತಮ್ಮ ಹೊಲ ಮಾತ್ರ ಪಟ್ಟಣದೊಳಗೆ ಬರಬಾರದೆಂದು ಅವರಿಗಿತ್ತು. ನಾನು ಬದುವಿಗೆ ಹೋಗಿ ನಿಂತಾಗ ಚಹಾ ತರಿಸಿದರು, ಕುಶಲ ಕೇಳಿದರು, ನಮ್ಮ ತಂದೆಯ ಹೆಸರು ಕೇಳಿ ಆಳಂದದಲ್ಲಿ ಯಾರ ಪೈಕಿ ಎಂದು ವಿಚಾರಿಸಿದರು. ಕೊನೆಗೆ, ಬೆಳೆ ನಿಂತಿದೆ, ರಾಶಿ ಆಗುವ ತನಕ ಕಾಲಿಡಬೇಡಿ ಎಂದರು. ರಾಶಿ ಆಗುವ ಹೊತ್ತಿಗೆ ಆಕ್ಷೇಪಣೆಯ ದಿನ ಮುಗಿದಿರುತ್ತಿತ್ತು. ನೋಟಿಸು ಕೊಟ್ಟು ಒಳಗೆ ಹೋಗುವ ಅಧಿಕಾರ ನನಗಿತ್ತು. ನೋಟಿಸಿನ ಅವಧಿಯೂ ಆಕ್ಷೇಪಣೆಯ ಅವಧಿಗಿಂತ ಉದ್ದವಿತ್ತು. ಇದನ್ನು ಗೌಡರು ನನಗಿಂತ ಮೊದಲೇ ಲೆಕ್ಕ ಹಾಕಿದ್ದರು.

ಹುಸೇನಸಾಬರು ನಾಕಾದ ಕಪಾಟಿನಿಂದ ಬಟ್ಟೆಗೆ ಅಂಟಿಸಿದ ಒಂದು ಹಳೆಯ ಉರ್ದು ನಕಾಶೆ ಹೊರತೆಗೆದರು. ಕಚೇರಿಯಲ್ಲಿ ನಾನು ನೋಡಿದ್ದು ಅದರ ಕನ್ನಡ ಪ್ರತಿ. ನೆಲದ ಮೇಲೆ ಹಾಸಿ, ಮೊಣಕಾಲೂರಿ, ಅಜ್ಜನ ಕಾಲದ ಅಕ್ಷರ ಎಂದು ಗೊಣಗುತ್ತ ಬೆರಳು ಎಳೆದರು. ಬಾವಿ, ಇನ್ನೊಂದು ಬಾವಿ, ದರ್ಗಾ, ದಾರಿ. ಮಡ್ಡಿಯ ಹತ್ತಿರ ಬಂದಾಗ ಬೆರಳು ನಿಂತಿತು.

"ಇಲ್ಲಿ ದನ ಮೇಯೋ ಜಾಗಾ ಅಂತ ಬರದದ್ರಿ. ಯಾ ಊರಿನ ದನ ಅಂತ ಗೊತ್ತಾಗವಲ್ದು. ಮಡಿಕಿ ತಿಂದುಬಿಟ್ಟದ."

ನಿಜ. ಬಟ್ಟೆ ಮಡಿಚಿದ ಗೆರೆ ಸರಿಯಾಗಿ ಊರಿನ ಹೆಸರಿನ ಮೇಲೆ ಬಿದ್ದು ಹರಿದಿತ್ತು. ಅಲ್ಲಿ ಈ ಊರಿನ ಹೆಸರು ಸಿಕ್ಕಿತೆಂದು ಬರೆದಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಸಿಗಲಿಲ್ಲ. ಇತಿಹಾಸ ನಮ್ಮ ಪರವಾಗಿ ಸಾಕ್ಷಿ ಹೇಳಲು ಬರಲಿಲ್ಲ, ವಿರುದ್ಧವಾಗಿಯೂ ಬರಲಿಲ್ಲ.

ಎಳ್ಳಮಾವಾಸ್ಯೆ ಆಕ್ಷೇಪಣೆಯ ಕೊನೆಯ ದಿನಕ್ಕಿಂತ ಸ್ವಲ್ಪ ಮೊದಲು ಬಿತ್ತು. ನಮ್ಮ ಕಡೆಯವರಿಗೆ ಆ ದಿನದ ಬಗ್ಗೆ ಹೇಳಬೇಕಾಗಿಲ್ಲ. ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರು ಹತ್ತಿ, ಇಡೀ ಊರು ಹೊಲಕ್ಕೆ ಹೋಗುತ್ತದೆ. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲಿಟ್ಟು ಪೂಜೆ ಮಾಡಿ, ಸಜ್ಜೆ ಕಡುಬು, ಭಜ್ಜಿ ಕಲಸಿ, ನೆಲಕ್ಕೆ ನೈವೇದ್ಯವೆಂದು, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಒಬ್ಬರು ಅನ್ನ ಚೆಲ್ಲುತ್ತ ಮುಂದೆ, ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ. ಆಮೇಲೆ ಊಟ. ಆ ದಿನ ಯಾರ ಹೊಲಕ್ಕೆ ಯಾರು ಬಂದರೂ ಬೇಡ ಎನ್ನುವ ಹಾಗಿಲ್ಲ. ದಾರಿಹೋಕನನ್ನೂ ಕರೆದು ಕೂಡಿಸಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರೂ ಆ ಒಂದು ದಿನ ಒಬ್ಬರ ಬದು ಇನ್ನೊಬ್ಬರು ದಾಟುತ್ತಾರೆ.

ಚರಗ ಚೆಲ್ಲುತ್ತ ಊರಿನ ಗಡಿ ಅಳೆಯುವುದನ್ನು ಮೊದಲು ಯೋಚಿಸಿದವರು ಯಾರು? ಕಸ್ತೂರಿಬಾಯಿ ಎಂದು ನನ್ನ ನೆನಪು. ಮಡ್ಡಿಯಲ್ಲಿ ಕೇಳಿದರೆ ಪ್ರತಿ ಮನೆಯವರೂ ತಮ್ಮ ಅತ್ತೆಯ ಹೆಸರು ಹೇಳುತ್ತಾರೆ. ಹಿಂದಿನ ಸಂಜೆ ಕಸ್ತೂರಿಬಾಯಿಯವರ ಕಟ್ಟೆಯ ಮೇಲೆ ಹೆಂಗಸರು ಕಡುಬಿನ ಹಿಟ್ಟು ನಾದುತ್ತ ಜಗಳವಾಡಿದ್ದು ಮಾತ್ರ ಸ್ಪಷ್ಟವಾಗಿದೆ. ಒಬ್ಬ ಮುದುಕಿ ಒಪ್ಪಲೇ ಇಲ್ಲ. ಬಿತ್ತಿದ ನೆಲಕ್ಕೆ ಚರಗ, ಊರಿನ ಗಡಿಗೆ ಯಾರು ಚೆಲ್ಲುತ್ತಾರೆ, ಭೂಮ್ತಾಯಿ ಸಿಟ್ಟಾಗುವುದಿಲ್ಲವೇ ಎಂದು ಹಠ ಹಿಡಿದಳು.

"ಉಣಸೋ ನೆಲಕ್ಕ ಚೆಲ್ಲತೀವಿಲ್ಲ ಬೇ?" ಎಂದರು ಕಸ್ತೂರಿಬಾಯಿ. "ನೀ ಕುಡದಿದ್ದು ಯಾ ಊರಿನ ನೀರ? ಹೇಳು, ನಾಳಿ ಅಲ್ಲೇ ಹೋಗಿ ಚೆಲ್ಲೋಣು."

ಮುದುಕಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಆಮೇಲೆ, ಹಾಗಾದರೆ ನನ್ನ ಕಡುಬೂ ಬುಟ್ಟಿಯಲ್ಲಿ ಹಾಕಿ ಎಂದಳು.

ನನಗೆ ಅಂದು ರಜೆ. ಕೋಲಿನ ತುದಿಗೆ ಕೂಡಿಸಿ, ಊರಿದಲ್ಲಿ ಬಿಂದು ಗುರುತು ಹಾಕುವ ಆ ಅಳತೆಯ ಯಂತ್ರವನ್ನು ಕಚೇರಿಗೆ ಮರಳಿಸದೆ ಇಟ್ಟುಕೊಂಡಿದ್ದೆ. ಮರಳಿಸಲು ಮರೆತೆ ಎಂದು ಎರಡನೇ ಕರಡಿನಲ್ಲಿ ಬರೆದಿದ್ದೆ, ಮರೆತಿರಲಿಲ್ಲ.

ಬೆಳಿಗ್ಗೆ ಅಗಸಿಯಿಂದ ಹೊರಟೆವು. ಕಸ್ತೂರಿಬಾಯಿ ಬುಟ್ಟಿ ಹೊತ್ತು ಮುಂದೆ, ಅವರ ಸೊಸೆ ತಂಬಿಗೆ ಹಿಡಿದು ಹಿಂದೆ, ಅವರ ಹಿಂದೆ ಇಡೀ ಮಡ್ಡಿ. ಮುಸಲ್ಮಾನರ ಮನೆಯ ಹೆಂಗಸರು ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬಂದಿದ್ದರು. ಮುಂದಿನವರು 'ಹುಲ್ಲುಲ್ಲಿಗೋ' ಎಂದು ಚರಗದ ಕೂಗು ಕೂಗಿದರೆ ಹಿಂದಿನವರು ಓಗೊಡುತ್ತಿದ್ದರು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಹುಡೇವು ದಾಟಿ, ಪೈಪಿನ ಗುಂಟ ನಡೆದೆವು. ಹೊಳೆ ದಂಡೆಯ ಹಾಳು ಓಣಿಗೆ ಬಂದಾಗ ಕೂಗು ನಿಂತಿತು. ಜಾಲಿಯ ನಡುವೆ ಚೌಕಟ್ಟಿಲ್ಲದ ಬಾಗಿಲ ಗಂಡಿಗಳು. ಹೆಂಗಸರು ತಮ್ಮ ತಮ್ಮ ಗಂಡಿಯ ಮುಂದೆ ನಿಂತು ಒಂದು ಹಿಡಿ ಚೆಲ್ಲಿದರು. ಹುಸೇನಸಾಬರು ತಮ್ಮ ಗಂಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಮುಂದೆ ಬಂದರು. ಪ್ರತಿ ತಿರುವಿನಲ್ಲಿ ಕೋಲು ಊರಿದೆವು. ಯಂತ್ರ ಕುಂಯ್ ಎಂದಾಗಲೆಲ್ಲ ಸೊಸೆ ಅದರ ಬುಡಕ್ಕೆ ನೀರು ಚಿಮುಕಿಸಿದಳು.

ಗೌಡರ ಹೊಲದ ಬದುವಿನಲ್ಲಿ ನನ್ನ ಕಾಲು ನಿಂತಿತು. ಇದನ್ನು ಬರೆಯಬೇಕು. ತೊಗರಿ ಎದೆಯೆತ್ತರಕ್ಕೆ ಒಣಗಿ ನಿಂತಿತ್ತು, ಗಾಳಿಗೆ ಕಾಯಿ ಗಿಲಗಿಲ ಎನ್ನುತ್ತಿತ್ತು. ದೂರದ ಬನ್ನಿ ಗಿಡದ ಕೆಳಗೆ ಗೌಡರ ಮನೆಯವರೆಲ್ಲ ಕೂತಿದ್ದರು. ನಾನು ಸರಕಾರಿ ನೌಕರಳು, ಬೇಡ ಎಂದ ಹೊಲ. ಹಿಂದಿನಿಂದ ಯಾರೋ ನನ್ನನ್ನು ಮೆಲ್ಲಗೆ ನೂಕಿದರು. ಯಾರೆಂದು ತಿರುಗಿ ನೋಡಲಿಲ್ಲ. ನೂಕದಿದ್ದರೂ ದಾಟುತ್ತಿದ್ದೆನೆಂದು ಪ್ರಮಾಣ ಮಾಡಲಾರೆ.

ಸಾಲಿನ ನಡುವೆ ಗಿಡ ಮುರಿಯದ ಹಾಗೆ ನಡೆದೆವು. ಗೌಡರು ಎದ್ದು ಬಂದರು. ಚರಗದ ಬುಟ್ಟಿ ನೋಡಿದರು, ಕೋಲು ನೋಡಿದರು, ಹಿಂದಿನ ಸಾಲು ನೋಡಿದರು. ಅವರ ಹೆಂಡತಿ, ಮಕ್ಕಳು, ಬೀಗರು, ಕೂಲಿಯವರು ಎಲ್ಲರ ಕಣ್ಣೂ ಅವರ ಮೇಲಿತ್ತು.

"ಚರಗಾ ಚೆಲ್ಲಾಕ ಮಷಿನ್ ಯಾಕ್ರಿ ಮೇಡಂ?"

ಕಸ್ತೂರಿಬಾಯಿ ತಿರುಗಿಯೂ ನೋಡದೆ ಒಂದು ಹಿಡಿ ಚೆಲ್ಲಿ ಹೇಳಿದರು.

"ಅದಕ್ಕೂ ಹಸಿವ್ಯಾಗ್ಯದ್ರಿ ಗೌಡ್ರ. ಇವತ್ತ ಹಸದು ಬಂದವರಿಗಿ ಇಲ್ಲ ಅಂತೀರೇನು?"

ಬನ್ನಿ ಗಿಡದ ಕೆಳಗಿಂದ ಯಾರೋ ಕಿಸಕ್ಕನೆ ನಕ್ಕರು. ಬೇರೆ ಯಾವ ದಿನವಾದರೂ ಏನಾಗುತ್ತಿತ್ತೋ. ಗೌಡರು ತೊಗರಿಯ ಕಡೆ ನೋಡಿದರು, ಕಸ್ತೂರಿಬಾಯಿಯ ಕಡೆ ನೋಡಿದರು, ಆ ಐದು ಕಲ್ಲಿನ ಕಡೆ ನೋಡಿದರು. ಆಮೇಲೆ ಆ ದಿನ ಯಾರಾದರೂ ಆಡಲೇಬೇಕಾದ ಮಾತನ್ನು ಆಡಿದರು.

"ಬರ್ರಿ. ಉಣ್ರಿ."

ಮಡ್ಡಿಯ ತನಕ ಹೋಗಿ, ಎಲ್ಲ ಮನೆಗಳ ಹಿಂದಿನಿಂದ ಸುತ್ತಿ, ಇನ್ನೊಂದು ಬದುವಿನಿಂದ ಗೌಡರ ಹೊಲಕ್ಕೇ ಇಳಿದು, ಹೊಸ ಗೆರೆಯನ್ನು ಹಳೆಯ ಗಡಿಗೆ ಕೂಡಿಸಿದೆವು. ಅವರ ಬನ್ನಿ ಗಿಡದ ಕೆಳಗೆ ಸಾಲಾಗಿ ಕೂತು ಉಂಡೆವು. ಗೌಡರ ಹೆಂಡತಿ ನನ್ನ ತಟ್ಟೆಗೆ ಎರಡು ಶೇಂಗಾ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಕೋಲಿನ ಕಡೆ ನೋಡಿ, ಯಾರಿಗೂ ಕೇಳದ ಹಾಗೆ, ಎಲ್ಲಾ ಬಂತಾ ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಅಂಬಲಿ ತರಲು ಎದ್ದು ಹೋದರು. ಅವರ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಗೊತ್ತಿಲ್ಲ.

ಕೊನೆಯ ದಿನ ಎರಡನೇ ನಕಾಶೆಯನ್ನು ಮಡ್ಡಿಯವರ ಸಹಿ, ಹೆಬ್ಬೆಟ್ಟಿನ ಹಾಳೆಗಳ ಜೊತೆ ಕೊಟ್ಟೆ. ಮುಂಚಿನ ನಕಾಶೆ ತಪ್ಪೆಂದು ನನ್ನ ಹೆಸರಲ್ಲೇ ಬರೆದು ಕೊಟ್ಟೆ. ಯಂತ್ರ ಪ್ರತಿ ಬಿಂದುವಿನ ಪಕ್ಕ ದಿನವನ್ನೂ ಬರೆದಿರುತ್ತದೆ. ನಮ್ಮ ಸಾಹೇಬರು ಅದನ್ನು ನೋಡಿದರು. ರಜಾ ದಿನದಂದು ಅನುಮತಿಯಿಲ್ಲದೆ ಖಾಸಗಿ ಜಮೀನು ಅಳೆದದ್ದಕ್ಕೆ ಕಾರಣ ಕೇಳಿ ನೋಟಿಸು ಬಂತು. ಉತ್ತರ ಬರೆಯಲು ಒಂದು ಇಡೀ ಮಧ್ಯಾಹ್ನ ತಗೊಂಡೆ. 'ಸದರಿ ಜಮೀನನ್ನು ಭೂಮಾಲೀಕರ ಸಮ್ಮುಖದಲ್ಲಿ, ಅವರ ಆಹ್ವಾನದ ಮೇರೆಗೆ ಪ್ರವೇಶಿಸಿ ಅಳತೆ ಮಾಡಲಾಗಿದೆ' ಎಂದು ಬರೆದೆ. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಸಾಹೇಬರು ಓದಿ, ಕನ್ನಡಕ ತೆಗೆದು ಒರೆಸಿ, ಹೋಳಿಗೆ ಹಾಕಿದರೇ ಎಂದಷ್ಟೇ ಕೇಳಿದರು. ಯುಗಾದಿಗೆ ಮೊದಲು ಆಡಳಿತದ ಕಾರಣಕ್ಕಾಗಿ ನನಗೆ ಆಳಂದಕ್ಕೆ ವರ್ಗವಾಯಿತು. ಶಿಕ್ಷೆಯೆಂದು ಹೇಳಿ ಕಳಿಸಿದ್ದು ನನ್ನ ಸ್ವಂತ ಊರಿಗೆ.

ಪಕ್ಕದ ಮೇಜಿನವಳ ಆ ಭಜ್ಜಿ ಮೂಸಿದ ಮುಂದಿನ ಭಾನುವಾರ ಆ ಊರಿಗೆ ಹೋಗಿ ಬಂದೆ. ಭೂಸನೂರಿನ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ತಲುಪುವ ಹೊತ್ತಿಗೆ ಮಧ್ಯಾಹ್ನ. ನಾಕಾದ ಮೇಲೆ ಪಟ್ಟಣ ಪಂಚಾಯಿತಿಯ ಬೋರ್ಡು ಇತ್ತು. ಅಧಿಸೂಚನೆಯಲ್ಲಿ ಮಡ್ಡಿಯ ಸರ್ವೆ ನಂಬರು ಇದೆ, ನಡುವಿನ ಹೊಲದ್ದೂ ಇದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ನೋಡಬೇಕೆಂದು ಹೋದದ್ದು ಹೊಲವನ್ನು. ತೊಗರಿ ಇರಲಿಲ್ಲ. ಹಳದಿ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು, ಬದುವಿನಲ್ಲಿ ಪ್ಲಾಟು ಮಾರಾಟದ ಫಲಕ. ಬನ್ನಿ ಗಿಡ ಒಂದು ರಸ್ತೆಯ ನಡುವೆ ಬಂದಿತ್ತು, ಅದನ್ನಿನ್ನೂ ಕಡಿದಿರಲಿಲ್ಲ.

ಕಸ್ತೂರಿಬಾಯಿ ಈಗ ಸದಸ್ಯೆ ಅಲ್ಲ. ಖಾತ್ರಿ ಕೂಲಿ ಹೋಯಿತು, ತೆರಿಗೆ ಏರಿತು, ಬೀದಿದೀಪ ಮೂರರಲ್ಲಿ ಒಂದು ಉರಿಯುತ್ತದೆ. ಎಲ್ಲವನ್ನೂ ಎಣಿಸಿ ಹೇಳಿದರು, ಯಾವುದಕ್ಕೂ ಮರುಗಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಪಟ್ಟಣದ ಹೊಸ ನಂಬರಿನ ತಗಡು ಇತ್ತು, ಅದರ ಮೇಲುಗಡೆ ಹಳೆಯದೂ ಇತ್ತು. ಈ ಸಲ ಆಳನ್ನು ಓಡಿಸಲಿಲ್ಲವಂತೆ. ಹಳೆಯದನ್ನು ಕೀಳಲೂ ಬಿಡಲಿಲ್ಲವಂತೆ.

"ನಾವು ನಡದೀವಿ, ಗಡಿ ನಮ್ಮ ಹಿಂದ ಬಂತು," ಎಂದರು.

ಹುಸೇನಸಾಬರು ಮೂಲೆಯ ವಾಲ್ವು ತಿರುಗಿಸಿ ಬಂದು ಕೂತರು. ಯಂತ್ರ ಅವತ್ತು ಯಾರ ಹತ್ತಿರ ಇತ್ತೆಂದು ಕೇಳಿದೆ.

"ನನ್ನ ಹೆಗಲ ಮ್ಯಾಲೆ. ಇನ್ನೂ ನೋಯಾಕತ್ತದ."

"ಸುಳ್ಳ ಹೇಳಬ್ಯಾಡ ಸಾಬ," ಎಂದರು ಕಸ್ತೂರಿಬಾಯಿ. "ಇಕಿ ಕೈಯಾಗಿತ್ತು. ಗೌಡನ ಬದುವಿಗಿ ನಿಂತು ನಡಗಾಕತ್ತಿದ್ಲು, ಕೋಲೂ ನಡಗತಿತ್ತು. ನಾನೇ ದಬ್ಬಿದ್ದು."

ಅವರಿಬ್ಬರೂ ಬಹಳ ಹೊತ್ತು ಜಗಳವಾಡಿದರು. ನಾನು ನಡುವೆ ಹೋಗಲಿಲ್ಲ.

ಬಸ್ಸಿಗೆ ಬಿಡಲು ಬಂದ ಹುಸೇನಸಾಬರು ಅಗಸಿಯ ಹತ್ತಿರ, ಸೈಕಲ್ ತಳ್ಳುತ್ತ, ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ನನಗೆ ವರ್ಗವಾದ ಮೇಲೆ ಗೌಡರ ಮಗ ಕಲಬುರಗಿಗೆ ಹತ್ತಾರು ಸಲ ಓಡಾಡಿದನಂತೆ. ಪಟ್ಟಣದೊಳಗಿನ ನೆಲಕ್ಕೆ ಎಷ್ಟು ಬೆಲೆ ಎಂದು ಯಾರೋ ಅವನಿಗೆ ತಿಳಿಸಿದ್ದರಂತೆ. ಅದಾದ ಮೇಲೆಯೇ ಅಧಿಸೂಚನೆ ಬಂದದ್ದು. ಇದನ್ನು ಕಸ್ತೂರಿಬಾಯಿ ಅಕ್ಕನ ಮುಂದೆ ಹೇಳಬೇಡಿ ಎಂದರು. ಹೇಳುವುದಿಲ್ಲ ಎಂದೆ. ಹೇಳಿದರೂ ಅವರು ಕೇಳುವುದಿಲ್ಲ; ಕೇಳಬೇಕೆಂದು ನನಗೂ ಇಲ್ಲ. ಅವರು ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೌಡರ ಮಗ ಓಡಾಡಿದ್ದನ್ನು ಕಂಡಿಲ್ಲ.

ಅಧಿಸೂಚನೆಯಲ್ಲಿ ಸರ್ವೆ ನಂಬರುಗಳಷ್ಟೇ ಇವೆ, ಕಾರಣ ಇಲ್ಲ. ಕಡತ ಜೇವರ್ಗಿಯಿಂದ ಕಲಬುರಗಿಗೆ, ಅಲ್ಲಿಂದ ಮೇಲಕ್ಕೆ ಹೋಗಿದೆ. ಎರಡು ಸಲ ವಿಚಾರಿಸಿದೆ, ಈಗ ಎಲ್ಲಿದೆ ಎಂದು ಹೇಳುವವರು ಸಿಗಲಿಲ್ಲ. ಎಳ್ಳಮಾವಾಸ್ಯೆಯ ನಮ್ಮ ನಕಾಶೆ ಅದರಲ್ಲಿ ಉಳಿಯಿತೋ, ಯಾರಾದರೂ ತೆಗೆದುಹಾಕಿದರೋ, ಕೊನೆಯ ಗೆರೆ ಎಳೆದ ಕೈ ಅದನ್ನು ನೋಡಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.